ಪೂಜೆಗಿಟ್ಟ ಶಿಕಂಜಾ

ಕೊಪ್ಪಳದಿಂದ ಯಲಬುರ್ಗಿಗೆ ಹೋಗುವ ರಸ್ತೆ ಊರು ಬಿಡುವ ಕಡೆ ಓಬಳೆಪ್ಪನ ಕುಲುಮೆ ಇತ್ತು. ಅದಕ್ಕೆ ಆತುಕೊಂಡು ಒಂದು ತಗಡಿನ ಚಪ್ಪರ, ಚಪ್ಪರದ ಕೆಳಗೆ ಮರ್ದಾನಸಾಬನ ಮೋಟಾರು ದುರಸ್ತಿ. ನಡುವೆ ಗೋಡೆ ಎಂಬುದಿರಲಿಲ್ಲ. ಒಬ್ಬ ಬಂಡಿಗಾಲಿಗೆ ಹಳಿ ಕಟ್ಟುವವನು, ಇನ್ನೊಬ್ಬ ಹೈದರಾಬಾದಿನ ಗ್ಯಾರೇಜಿನಲ್ಲಿ ಏಳು ವರ್ಷ ಮೈ ಮಸಿ ಮಾಡಿಕೊಂಡು ಬಂದವನು. “ಬೆಂಕಿ, ಪೆಟ್ರೋಲು ಒಂದ ಸೂರಿನಾಗ ಇಟ್ಕೊಂಡೀರಿ, ಒಂದಿಲ್ಲೊಂದಿನ ಊರು ಸುಡ್ತೀರಿ” ಎಂದು ಜನ ನಗುತ್ತಿದ್ದರು. ಹನ್ನೊಂದು ವರ್ಷ ಏನೂ ಸುಡಲಿಲ್ಲ. ಕೇಡು ಬಂದದ್ದು ಬೆಂಕಿಯಿಂದಲ್ಲ.

ಯುದ್ಧ ಶುರುವಾಗಿ ಎರಡು ವರ್ಷ ಕಳೆದಿತ್ತು. ಹತ್ತಿಯ ವ್ಯಾಪಾರಿ ವಿರೂಪಾಕ್ಷಪ್ಪನವರು ಹೈದರಾಬಾದಿನ ನವಾಬರ ಮನೆಯೊಂದರಿಂದ ಹಳೆಯ ಅಮೆರಿಕದ ಕಾರು ಕೊಂಡು ತಂದಿದ್ದರು. ಊರಿನ ರಸ್ತೆಯ ತಗ್ಗುದಿಣ್ಣೆಗೆ ಅದರ ಮುಂಗಾಲು ಕುಸಿದು, ಕಾರು ಮಂಡಿಯೂರಿದ ಎತ್ತಿನ ಹಾಗೆ ಮೂಗು ಕೆಳಗೆ ಮಾಡಿಕೊಂಡು ನಡೆಯುತ್ತಿತ್ತು. ಬಸ್ಸು ಲಾರಿಗಳಿಗೆ ಇರುವಂತೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಯ ಪಾಟಾ ಅದಕ್ಕಿರಲಿಲ್ಲ. ಹೆಬ್ಬೆರಳಷ್ಟು ದಪ್ಪನ ಉಕ್ಕಿನ ಸರಳನ್ನು ಸುರುಳಿ ಸುತ್ತಿದ ಎರಡು ಸ್ಪ್ರಿಂಗು, ಎಡಕ್ಕೊಂದು ಬಲಕ್ಕೊಂದು. ಹೊಸ ಸ್ಪ್ರಿಂಗು ಮುಂಬಯಿಯಿಂದ ರೈಲಿನಲ್ಲಿ ಬರುವಷ್ಟರಲ್ಲಿ ಆರು ತಿಂಗಳು ಹಿಡಿಯಿತು.

ಅವು ಬಂದ ದಿನ ಮರ್ದಾನಸಾಬ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಓಬಳೆಪ್ಪನಿಗೆ ಹೇಳಿದ: “ಓಬಳಣ್ಣ, ಪಾಟಾ ಅಂದ್ರ ಎತ್ತಿದ್ದಂಗ. ಒದೀತೈತಿ, ಖರೆ. ಆದ್ರ ಕಣ್ಣು ಕೆಂಪ ಮಾಡಿ, ಹೇಳಿ ಒದೀತೈತಿ. ಇದು ಹಂಗಲ್ಲ. ಅಮುಕಿದಷ್ಟೂ ಸಿಟ್ಟು ಹೊಟ್ಯಾಗ ಇಟ್ಕೊಂಡು ಸುಮ್ಮನ ಕೂಡತೈತಿ.”

“ಹಂಗಾದ್ರ ನಮ್ಮ ಪಕ್ಕೀರವ್ವ ಇದ್ದಂಗ ಅನ್ನು.”

ತಿದಿ ಒತ್ತುತ್ತಿದ್ದ ಓಬಳೆಪ್ಪನ ಹೆಂಡತಿ ಪಕ್ಕೀರವ್ವ ತಲೆಯೆತ್ತಲಿಲ್ಲ. “ನನ್ನ ಅಮುಕೂ ಗಂಡಸು ಯಾವಾಂವ ಅದಾನ ಇಲ್ಲೆ? ಬರ್ಲಿ ಮುಂದ.”

ಮರ್ದಾನಸಾಬ ಹೇಳಿದ ಅಳತೆಗೆ ಓಬಳೆಪ್ಪ ಒಂದು ಸಾಧನ ಮಾಡಿಕೊಟ್ಟ. ಮೇಲೊಂದು ಕೆಳಗೊಂದು ದಪ್ಪ ಕಬ್ಬಿಣದ ಹಲಗೆ, ಸ್ಪ್ರಿಂಗಿನ ಸುತ್ತನ್ನು ಕಚ್ಚಿ ಹಿಡಿಯುವಂಥ ಕೊಕ್ಕೆಗಳು, ಅತ್ತಿತ್ತ ಎರಡು ಉದ್ದನೆಯ ತಿರುಪು. ತಿರುಪುಗಳು ಹಾಳುಬಿದ್ದ ಹತ್ತಿ ಪ್ರೆಸ್ಸಿನವು. ಪಾನಾ ಹಾಕಿ ತಿರುಗಿಸಿದರೆ ಹಲಗೆಗಳು ಹತ್ತಿರ ಬರುತ್ತಿದ್ದವು, ಸ್ಪ್ರಿಂಗು ಕುಗ್ಗುತ್ತಿತ್ತು. ಮರ್ದಾನಸಾಬ ಅದನ್ನು ಶಿಕಂಜಾ ಎಂದು ಕರೆದ. ಮೊದಲ ಸಲ ತಿರುಗಿಸುವಾಗ ಅವನ ನಗೆಯೆಲ್ಲ ಅಡಗಿತ್ತು.

“ಈ ಕಡಿ ಅರ್ಧ ಸುತ್ತು, ಆ ಕಡಿ ಅರ್ಧ ಸುತ್ತು. ಒಂದ ಕಡಿ ಓಡಿಸಿದ್ರ ಸೊಟ್ಟಾಗಿ ಜಾರತೈತಿ. ಅದರ ಬಾಯಿಗೆ ಎದುರು ಕೂಡಬಾರದು, ಬಾಜೂಕ ಕೂಡಬೇಕು. ಒಳಗ ಸರಪಳಿ ಹಾಯಿಸಿರಬೇಕು. ಶಿಕಂಜಾ ಕೈಕೊಟ್ರೂ ಸರಪಳಿ ಹಿಡೀಬೇಕು. ಹೈದರಾಬಾದಿನಾಗ ನಮ್ಮ ಉಸ್ತಾದ್ ಒಮ್ಮೆ ಜಾಕಿನ ಮ್ಯಾಲ ನಂಬಿಕಿ ಇಟ್ಟ. ಅರ್ಧ ಮುಖ ಹೋತು.”

ಅಷ್ಟಮಿಯ ದಿನ ಎಡಗಡೆಯ ಸ್ಪ್ರಿಂಗು ಕೂತಿತು. ಬಲಗಡೆಯ ಹಳೆಯದನ್ನು ಬಿಚ್ಚುವಷ್ಟರಲ್ಲಿ ಹೊತ್ತು ಇಳಿದು, ರೋಜಾ ಬಿಡುವ ಸಮಯವಾಯಿತು. ಆ ವರ್ಷ ನಮ್ಮ ಮಹಾನವಮಿ, ಅವರ ರಂಜಾನು ಒಟ್ಟಿಗೇ ಬಂದಿದ್ದವು. ಬಲಗಡೆಗೆ ಹೊಸದನ್ನು ಕೂಡಿಸುವುದೊಂದೇ ಬಾಕಿ.

ಮರುದಿನ ಖಂಡೇ ಪೂಜೆ. ಕುಲುಮೆಯ ಸುತ್ತಿಗೆ, ಇಕ್ಕಳ, ಅಡಿಗಲ್ಲು, ಮರ್ದಾನಸಾಬನ ಪಾನಾಗಳು, ಜಾಕು, ಶಿಕಂಜಾ, ಅದರ ಸರಪಳಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪಕ್ಕೀರವ್ವ ವಿಭೂತಿ ಕುಂಕುಮ ಹಚ್ಚಿ ಹೂ ಏರಿಸಿದಳು. ಪ್ರತಿ ವರ್ಷದಂತೆ ಮರ್ದಾನಸಾಬ ತನ್ನ ಸಾಮಾನನ್ನು ತಾನೇ ತಿಕ್ಕಿ ತಂದುಕೊಟ್ಟ. ತೆಂಗಿನಕಾಯಿಯ ಹೋಳನ್ನು ಸಂಜೆಗೆಂದು ವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಪೂಜೆಗೆ ಕೂತ ಕಬ್ಬಿಣವನ್ನು ದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಎತ್ತಬಾರದು.

ಉಳಿದವರ ಮನೆಯಲ್ಲಿ ಅದು ಬರಿಯ ಪದ್ಧತಿ. ಓಬಳೆಪ್ಪನಿಗೆ ಅದು ಪದ್ಧತಿಯಾಗಿ ಉಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇಂಥದೇ ದಶಮಿಯ ಬೆಳಿಗ್ಗೆ, ಬೇವೂರಿನ ಒಕ್ಕಲಿಗನೊಬ್ಬನ ಬಂಡಿ ದಾರಿಯಲ್ಲಿ ಮುರಿಯಿತೆಂದು ಅವನು ಪೂಜೆಯೊಳಗಿನ ಸುತ್ತಿಗೆ ಎತ್ತಿದ್ದ. ಹದಿನೈದು ದಿನಕ್ಕೆ ಅವನ ಮಗಳಿಗೆ ಜ್ವರ ಬಂತು. ಒಂಬತ್ತು ವರ್ಷದ ಹುಡುಗಿ. ಅವಳು ಉಳಿಯಲಿಲ್ಲ. ದೇವರು ಸಿಟ್ಟಾದ ಎಂದು ಅವನು ಹೆಂಡತಿಗೆ ಒಮ್ಮೆ ಅಂದ. ಆಮೇಲೆ ಸಂಜೆ ಗುಡಿಯ ಕಟ್ಟೆಯಲ್ಲಿ ಪುರಾಣ ಓದುವಾಗ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ, ಅಷ್ಟೇ.

ದಶಮಿಯ ದಿನ ಹೊತ್ತೇರುವ ಮುಂಚೆಯೇ ವಿರೂಪಾಕ್ಷಪ್ಪನವರು ನಡೆದು ಬಂದರು. ಕಾರು ಇನ್ನೂ ಒಂದು ಕಾಲಿಲ್ಲದೆ ದಿಮ್ಮಿಗಳ ಮೇಲೆ ನಿಂತಿದ್ದು ಕಂಡು ಮುಖ ಕಪ್ಪಿಟ್ಟಿತು.

“ಏನೋ ಸಾಬಾ, ದಸರಾಕ್ಕ ಕೊಡ್ತೀನಿ ಅಂದಿದ್ದೆಲ್ಲ? ಯಾವ ವರ್ಷದ ದಸರಾ?”

“ಸಂಜೀಕ ಕೊಡ್ತೀನ್ರೀ ಧಣ್ಯಾರ. ಸಾಮಾನು ಪೂಜಾದಾಗ ಅದಾವ.”

“ಸಂಜೀಕ ತಗೊಂಡು ಏನು ಮಾಡ್ಲಿ? ಮಧ್ಯಾಹ್ನ ಮಿಲ್ಲಿನ ಮುಂದ ಗಾಡಿಗೆ ಪೂಜಾ ಐತಿ, ಬೀಗರು ಬಂದು ಕುಂತಾರ, ಎಲ್ಲಾರೂ ಕೂಡಿ ಹುಲಿಗಿ ಗುಡಿಗೆ ಹೋಗಬೇಕು. ನಿನ್ನ ಪಾನಾಕ್ಕ ಪೂಜಾ ಆದ್ರ ಸಾಕು, ನನ್ನ ಗಾಡಿಗೆ ಬ್ಯಾಡೇನು?”

ಅವರು ಹೋದ ಮೇಲೆ ಮರ್ದಾನಸಾಬ ಓಬಳೆಪ್ಪನ ಹತ್ತಿರ ಬಂದ. “ಓಬಳಣ್ಣ, ಮಾತು ಕೊಟ್ಟಾಂವ ನಾನು. ಶಿಕಂಜಾ ಒಂದ ಕೊಡು. ತಾಸಿನ್ಯಾಗ ಮುಗಿಸಿ, ತೊಳದು, ಇದ್ದಲ್ಲೇ ಇಡ್ತೀನಿ.”

ಓಬಳೆಪ್ಪ ಪೂಜೆಯ ಸಾಲಿನತ್ತ ನೋಡಿದ. “ಬನ್ನಿ ಮುಡಿಯೂತನಕ ಮುಟ್ಟಬ್ಯಾಡ ಸಾಬಾ.”

ಮರ್ದಾನಸಾಬ ಅವನ ಮುಖ ನೋಡಿದ. ಆ ಹುಡುಗಿಯ ಮಣ್ಣಿಗೆ ಬಂದು ಮೂರು ಹಿಡಿ ಹಾಕಿದವನು ಅವನು. ಎರಡನೇ ಸಲ ಕೇಳಲಿಲ್ಲ.

ಅವನು ಕೇಳದೆ ಹೋದದ್ದೇ ಓಬಳೆಪ್ಪನಿಗೆ ಚುಚ್ಚಿತು. ಗೆಳೆಯನ ಮಾತು ಕೆಡಬಾರದು, ಪೂಜೆಯೂ ಕೆಡಬಾರದು ಎಂದು ತಾನೇ ಒಂದು ದಾರಿ ಹುಡುಕಿದ. ಗೋಡೆಯ ಗೂಟಕ್ಕೆ ಕಪಿಲೆಯ ಮಿಣಿ ತೂಗುಬಿದ್ದಿತ್ತು. ಬಾವಿಯಿಂದ ನೀರೆತ್ತುವ, ಎರಡೆತ್ತು ಜಗ್ಗಿದರೂ ಹರಿಯದ ತೊಗಲಿನ ಹಗ್ಗ.

“ಪೂಜಾ ಕಬ್ಬಿಣಕ್ಕ ಐತಿ, ಹಗ್ಗಕ್ಕಿಲ್ಲ. ತೊಲಿ ಹೇರಿ ಸ್ಪ್ರಿಂಗ್ ಅಮುಕೋಣು, ಮಿಣಿ ಸುತ್ತಿ ಬಿಗಿಯೋಣು. ನೀ ಕೂಡಿಸು, ಆಮ್ಯಾಲ ಹಗ್ಗ ಕೊಯ್ದರಾತು. ಪಾನಾ, ಜಾಕು ಕಾರಿನ ಚೀಲದಾಗಿನವು ಸಾಕು, ಅವಕ್ಕ ಇನ್ನಾ ಪೂಜಾ ಆಗಿಲ್ಲ.”

“ತೊಗಲು ಹಿಡೀತೈತೇನು?”

“ಕಟ್ಟಾಂವ ನಾನು. ನನ್ನ ಗಂಟು ಎಂದರ ಬಿಚ್ಚೈತೇನು?”

ವಿರೂಪಾಕ್ಷಪ್ಪನವರ ಹತ್ತಿ ಮಿಲ್ಲಿನಿಂದ ಮೂವರು ಹಮಾಲರನ್ನು ಕರೆಸಿದರು. ಸ್ಪ್ರಿಂಗನ್ನು ಕಲ್ಲಿನ ಮೇಲೆ ನಿಲ್ಲಿಸಿ, ಮೇಲೊಂದು ಬೇವಿನ ತೊಲೆ ಹಾಯಿಸಿ, ಅದರ ಒಂದು ತುದಿಯನ್ನು ಗೋಡೆಯ ಸಂದಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಮೂವರೂ ಕೂತರು. ಸ್ಪ್ರಿಂಗು ನರಳುತ್ತ ಕುಗ್ಗಿತು. ಓಬಳೆಪ್ಪ ನೆನೆಸಿದ ಮಿಣಿಯನ್ನು ಮೂರು ಕಡೆ ಸುತ್ತಿ, ಕಾಲು ಕೊಟ್ಟು ಬಿಗಿದ. ಹಮಾಲರು ಇಳಿದರು. ಹಗ್ಗ ಹಿಡಿಯಿತು. “ಛಲೋ ಆತಲ್ಲ!” ಎಂದು ಅವರು ಚಹಾ ಕುಡಿಯಲು ಹೋದರು. ಕಾರಿನ ಚಾಲಕ ಹೂವಿನ ಹಾರ ತರಲು ಹೋಗಿದ್ದ. ಚಪ್ಪರದಲ್ಲಿ ಉಳಿದವರು ಇಬ್ಬರೇ.

ಎತ್ತು ಜಗ್ಗುವುದು ಬೇರೆ, ಉಕ್ಕು ಕೊಯ್ಯುವುದು ಬೇರೆ. ಸ್ಪ್ರಿಂಗಿನ ಕತ್ತರಿಸಿದ ತುದಿಗೆ ಉಳಿಯಂಥ ಅಂಚಿತ್ತು, ಮಿಣಿಯ ಒಂದು ಸುತ್ತು ಸರಿಯಾಗಿ ಅದರ ಮೇಲೆಯೇ ಹಾದಿತ್ತು. ಬಂಡಿ ಕಟ್ಟುವ ಓಬಳೆಪ್ಪನ ಕಣ್ಣಿಗೆ ಅದು ಕಾಣಲಿಲ್ಲ. ಮರ್ದಾನಸಾಬ ಎರಡೂ ಕೈಯಿಂದ ಸ್ಪ್ರಿಂಗನ್ನು ಎದೆಗೆ ಅವುಚಿಕೊಂಡು, ಚಕ್ರ ಹಿಡಿಯುವ ಕಾರಿನ ಎರಡು ಕಬ್ಬಿಣದ ತೋಳುಗಳ ನಡುವೆ ತುರುಕಲು ಬಗ್ಗಿದ. ಶಿಕಂಜಾ ಇದ್ದಿದ್ದರೆ ಬಾಜೂಕ ಕೂತು ಮಾಡುವ ಕೆಲಸ. ಹಗ್ಗಕ್ಕೆ ಹಿಡಿಕೆ ಇಲ್ಲವಾದ್ದರಿಂದ ಎದುರಿಗೇ ಕೂಡಬೇಕಾಯಿತು.

ಹಗ್ಗ ಹರಿದಾಗ ಸದ್ದು ದೊಡ್ಡದೇನೂ ಆಗಲಿಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಬಡಿದಷ್ಟು. ಮರ್ದಾನಸಾಬ ನಾಲ್ಕು ಮಾರು ಆಚೆ ಬಿದ್ದಿದ್ದ, ಎದೆ ಒಳಕ್ಕೆ ಹೋಗಿತ್ತು.

ಓಬಳೆಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆಯ ನೀರನ್ನು ಬಾಯಿಗೆ ಹಿಡಿದ. ಮರ್ದಾನಸಾಬ ತುಟಿ ಬಿಗಿಹಿಡಿದು ಮುಖ ತಿರುಗಿಸಿದ. ಸೂರ್ಯನಿನ್ನೂ ನೆತ್ತಿಗೆ ಬಂದಿರಲಿಲ್ಲ. ರೋಜಾ ಬಿಡುವ ಹೊತ್ತು ಎಷ್ಟು ದೂರ ಇದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿನ ತನಕ ಅವನು ಉಳಿಯಲಿಲ್ಲ.

ಜನ ಕೂಡಿದರು. ವಿರೂಪಾಕ್ಷಪ್ಪನವರು ಓಡಿಬಂದು, ಹೌಹಾರಿ, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಬೆಳಗಿನ ಜಾವದಿಂದ ಬಾಯಾಗ ಹನಿ ನೀರಿಲ್ಲ. ಕಣ್ಣಿಗೆ ಕತ್ತಲ ಬಂದಿರಬೇಕು, ಕೈ ನಡುಗಿರಬೇಕು. ಹೌದಿಲ್ಲೋ ಓಬಳೆಪ್ಪ? ನೀ ಇಲ್ಲೇ ಇದ್ದೆಲ್ಲ.”

ಎಲ್ಲರ ಕಣ್ಣೂ ಅವನ ಮೇಲೆ ಬಿದ್ದವು. ಹಿಂದುಗಡೆ ಕುಂಕುಮ ಹಚ್ಚಿಸಿಕೊಂಡು ಶಿಕಂಜಾ ಸುಮ್ಮನೆ ಕೂತಿತ್ತು.

“ಹೂಂ ರೀ” ಎಂದ ಓಬಳೆಪ್ಪ. “ಇರಬೇಕ್ರಿ.”

ಅಂದು ಅವನು ಬನ್ನಿ ಮುಡಿಯಲು ಹೋಗಲಿಲ್ಲ. ಎಲ್ಲರೂ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುತ್ತಿರುವಾಗ, ಅವನು ಶಿಕಂಜಾ ಎತ್ತಿ ಇದ್ದಿಲ ರಾಶಿಯೊಳಗೆ ಹೂಳುತ್ತಿದ್ದ. ಅದನ್ನು ಕಂಡವರು, ಇಂಥದೊಂದು ಇತ್ತಲ್ಲ, ಯಾಕೆ ಎತ್ತಲಿಲ್ಲ ಎಂದು ಕೇಳಿಯಾರು.

ಪಕ್ಕೀರವ್ವ ಬಾಗಿಲಲ್ಲಿ ನಿಂತಿದ್ದಳು. “ನಮ್ಮ ಹುಡುಗಿ ಹೋದಾಗ ದೇವರು ಸಿಟ್ಟಾದ ಅಂದ್ರಿ. ಈಗ ಯಾರು ಸಿಟ್ಟಾಗ್ಯಾರ್ರಿ?”

ಅವನು ಇದ್ದಿಲು ಎಳೆಯುತ್ತಲೇ ಇದ್ದ.

ಊರೆಲ್ಲ ಅದೇ ಮಾತಾಯಿತು. ರೋಜಾ ಹಿಡಿದವನು ಇಂಥ ಕೆಲಸಕ್ಕೆ ಕೈ ಹಾಕಬಾರದಿತ್ತು. ಉಪವಾಸ ಮೈಗೆ ಆಗದಿದ್ದರೆ ಬಿಡಬೇಕಿತ್ತು. ಮಣ್ಣಿಗೆ ಬಂದವರೂ ಅಂದರು, ಬಾರದವರೂ ಅಂದರು. ಮರ್ದಾನಸಾಬನ ಹೆಂಡತಿ ಕಾಸೀಮಬೀ ಗಂಡನಿಗಾಗಿ ಒಳಗೆ ಕೂತಿದ್ದಳು, ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಆ ಮಾತು ಹೊಸ್ತಿಲು ದಾಟಿ ಅವಳ ತನಕ ಹೋಯಿತು.

ಮೂರನೆಯ ದಿನ ಅವಳ ತಮ್ಮ ಖಾಜಾಸಾಬ ಕುಲುಮೆಗೆ ಬಂದ. ಕುಷ್ಟಗಿಯಲ್ಲಿ ಸರ್ವಿಸ್ ಮೋಟಾರು ಬಸ್ಸಿನ ಮೇಲೆ ಕೆಲಸ ಮಾಡುವವನು, ಗಟ್ಟಿ ಆಳು, ಮೊನ್ನೆಯಷ್ಟೇ ಭಾವನ ಮಣ್ಣಿಗೆಂದು ಬಂದಿದ್ದ. ಹೆಗಲ ಮೇಲೆ ಹೊಸ ಮಿಣಿ ಇತ್ತು. ಹಿಂದೆ ಅವೇ ಮೂವರು ಹಮಾಲರು.

“ಕಾಕಾ, ಭಾವ ಒಪ್ಪಿಕೊಂಡ ಕೆಲಸ. ಅರ್ಧಕ್ಕ ಬಿಡಬಾರದು. ಧಣ್ಯಾರಿಗೆ ಹೇಳಿ ಬಂದೀನಿ.”

“ನಿನಗ ಈ ಗಾಡಿ ಗೊತ್ತಿಲ್ಲೋ ತಮ್ಮಾ.”

“ಸ್ಪ್ರಿಂಗ್ ಸ್ಪ್ರಿಂಗೇ. ಹಮಾಲರು ಎಲ್ಲಾ ಹೇಳ್ಯಾರ, ಹೆಂಗ ತೊಲಿ ಹೇರಿದ್ರಿ, ಎಲ್ಲಿ ಹಗ್ಗ ಬಿಗಿದ್ರಿ. ಹಗ್ಗ ಹಿಡಿದಿತ್ತಂತ. ಕೈ ನಡುಗಿತು ಅಂತಾರಲ್ಲ ಊರಾಗ?” ಅವನು ತುಟಿ ಒರೆಸಿಕೊಂಡ, ಒಣಗಿ ಸಿಪ್ಪೆ ಎದ್ದಿದ್ದವು. “ನಾನೂ ರೋಜಾ ಅದೀನಿ. ಇದ ಹೊತ್ತಿನ್ಯಾಗ, ಇದ ಹಗ್ಗದಾಗ ಕೂಡಿಸಿ ತೋರಸ್ತೀನಿ. ರೋಜಾ ಇದ್ದ ಕೈ ನಡುಗತೈತೋ ಇಲ್ಲೋ ನೋಡ್ಲಿ.”

ಓಬಳೆಪ್ಪ ಇದ್ದಿಲ ರಾಶಿಗೆ ಅಡ್ಡವಾಗಿ ನಿಂತ.

ಖಾಜಾಸಾಬ ತಿರುಗಿ ಕೇಳಿದ: “ಹಂ, ಅಕ್ಕ ಏನೋ ಶಿಕಂಜಾ ಶಿಕಂಜಾ ಅಂತಿದ್ಲು. ನೀವು ಮಾಡಿಕೊಟ್ಟಿದ್ರಂತ. ಏನದು?”

“ಅದು… ಮುರದೈತಿ.”

“ಆತು ಬಿಡ್ರಿ.”

ಸ್ಪ್ರಿಂಗು ಅದೇ. ಮುಂಬಯಿಯಿಂದ ಇನ್ನೊಂದು ಬರುವಂತಿರಲಿಲ್ಲ. ಯಾರೋ ತೊಳೆದು ಗೋಡೆಗೆ ಆನಿಸಿಟ್ಟಿದ್ದರು. ಖಾಜಾಸಾಬ ಅದನ್ನು ಅದೇ ಕಲ್ಲಿನ ಮೇಲೆ ನಿಲ್ಲಿಸಿದ. ತೊಲೆ ಬಂತು. ಹಮಾಲರಲ್ಲೊಬ್ಬ ಹತ್ತಲು ಹಿಂಜರಿದ, “ಯಾಕ, ನಿಮಗೂ ಕಣ್ಣಿಗೆ ಕತ್ತಲ ಬಂತೇನು?” ಎಂದು ಖಾಜಾಸಾಬ ಹಂಗಿಸಿದ. ಮೂವರೂ ಹತ್ತಿದರು. ಸ್ಪ್ರಿಂಗು ನರಳಿತು. ಖಾಜಾಸಾಬ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯ ಮೇಲೆಯೇ ಬಗ್ಗಿ, ಹಗ್ಗದ ಮೊದಲ ಸುತ್ತು ಹಾಕಿ ಗಂಟು ಬಿಗಿದ. ಎರಡನೆಯ ಸುತ್ತು ಆ ಕತ್ತರಿಸಿದ ಅಂಚಿನ ಮೇಲೆ ಹಾದುಹೋದದ್ದು ಈ ಸಲ ಓಬಳೆಪ್ಪನಿಗೆ ಕಂಡಿತು.

ಇನ್ನೊಂದು ಗಂಟು. ಹಮಾಲರು ಇಳಿಯುತ್ತಾರೆ. ಇವನು ಎದೆಗೆ ಅವುಚಿಕೊಳ್ಳುತ್ತಾನೆ.

“ಇಳೀಬ್ಯಾಡ್ರೋ!” ಎಂದು ಓಬಳೆಪ್ಪ ಕೂಗಿದ. “ಕುಂತಲ್ಲೇ ಕುಂದರ್ರಿ. ಖಾಜಾ, ನೀ ಈ ಕಡಿ ಬಾ. ಅದರ ಬಾಯಿ ಬಿಟ್ಟು ಈ ಕಡಿ ಬಾ.”

“ಏನಾತ್ರೀ?”

“ಬಾ ಅಂದ್ರ!”

ಖಾಜಾಸಾಬ ಎದ್ದು ಬಾಜೂಕ ಬಂದ. ಓಬಳೆಪ್ಪ ಹಮಾಲರಿಗೆ ಒಬ್ಬೊಬ್ಬರಾಗಿ, ಮೆಲ್ಲಗೆ ಇಳಿಯಲು ಹೇಳಿದ. ಸ್ಪ್ರಿಂಗು ಹಗ್ಗವನ್ನು ಹರಿದುಕೊಂಡು ಮೇಲೆದ್ದು, ತೊಲೆಗೆ ಬಡಿದು, ಉರುಳಿ ಬಿತ್ತು. ಹರಿದ ತುದಿಯನ್ನು ಖಾಜಾಸಾಬ ಎತ್ತಿ ನೋಡಿದ. ಚಾಕುವಿನಿಂದ ಕೊಯ್ದಷ್ಟು ನೇರ.

“ನಿಮ್ಮ ಭಾವನ ಕೈ ನಡುಗಿದ್ದಿಲ್ಲೋ” ಎಂದ ಓಬಳೆಪ್ಪ. “ಹಗ್ಗ ನಂದು. ಗಂಟು ನಂದು. ಶಿಕಂಜಾ ಮುರದಿಲ್ಲ. ಅವತ್ತ ಪೂಜಾದಾಗ ಇತ್ತು. ಆತ ಕೇಳಿದ, ನಾ ಕೊಡಲಿಲ್ಲ. ಹಗ್ಗ ಸಾಕು ಅಂದಾಂವ ನಾನು. ಆಮ್ಯಾಲ ಊರಿನ ಮುಂದ ಹೂಂ ಅಂದಾಂವನೂ ನಾನ.”

ಖಾಜಾಸಾಬ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಹಮಾಲರು ಮುಂದೆ ಬರಲಿಲ್ಲ. ಓಬಳೆಪ್ಪ ಕೈ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಖಾಜಾಸಾಬ ಕೈ ಬಿಟ್ಟ.

“ಎಲ್ಲೈತಿ ಅದು?”

ಓಬಳೆಪ್ಪ ಇದ್ದಿಲ ರಾಶಿಯಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ತೋಡಿದ. ಶಿಕಂಜಾ ಮಸಿಯಾಗಿ ಹೊರಬಂತು. ಸರಪಳಿಯನ್ನೂ ತಂದ.

“ನೀ ಮಾಡು” ಎಂದ ಖಾಜಾಸಾಬ. ಕಾಕಾ ಎನ್ನಲಿಲ್ಲ. “ನಾ ನೋಡ್ತೀನಿ.”

ಓಬಳೆಪ್ಪ ಸ್ಪ್ರಿಂಗನ್ನು ಅಡ್ಡ ಮಲಗಿಸಿ, ಕೊಕ್ಕೆಗಳಿಗೆ ಸುತ್ತು ಸಿಕ್ಕಿಸಿ, ಒಳಗೆ ಸರಪಳಿ ಹಾಯಿಸಿದ. ಬಾಯಿಗಳೆರಡನ್ನೂ ಗೋಡೆಯ ಕಡೆ, ಬಯಲ ಕಡೆ ಮಾಡಿ ತಾನು ಬಾಜೂಕ ಕೂತ. ಈ ಕಡೆ ಅರ್ಧ ಸುತ್ತು. ಆ ಕಡೆ ಅರ್ಧ ಸುತ್ತು. ಪಾನಾ ತಿರುಗಿಸುವಾಗ ಅವನ ತುಟಿ ಅಲ್ಲಾಡುತ್ತಿತ್ತು; ಎಣಿಸುತ್ತಿದ್ದನೋ, ಬೇಡುತ್ತಿದ್ದನೋ ಹಮಾಲರಿಗೆ ತಿಳಿಯಲಿಲ್ಲ. ಸ್ಪ್ರಿಂಗು ಸುತ್ತಿಗೆ ಸುತ್ತು ಹತ್ತಿರ ಬಂದು ಗಿಡ್ಡವಾಯಿತು. ಶಿಕಂಜಾ ಸಮೇತ ಅದನ್ನು ತೋಳುಗಳ ನಡುವೆ ಇಟ್ಟ, ಕೆಳಗಿನ ತೋಳನ್ನು ಜಾಕಿನಿಂದ ಎತ್ತಿ ಬೋಲ್ಟು ಬಿಗಿದ, ಮತ್ತೆ ಅರ್ಧರ್ಧ ಸುತ್ತು ಬಿಚ್ಚುತ್ತ ಬಂದ. ಸ್ಪ್ರಿಂಗು ಮೇಲಿನ ಬಟ್ಟಲಿಗೆ, ಕೆಳಗಿನ ಬಟ್ಟಲಿಗೆ ಮೈ ಚಾಚಿ ಕೂತುಕೊಂಡಿತು. ಒಂದು ಸದ್ದೂ ಆಗಲಿಲ್ಲ.

ಖಾಜಾಸಾಬ ಕಂಬ ಹಿಡಿದು ನಿಂತಿದ್ದ.

“ಆತೇನು?”

“ಆತು.”

“ಇಷ್ಟ?” ಅವನು ಕಂಬ ಬಿಟ್ಟು ಹತ್ತಿರ ಬಂದ. “ಇಷ್ಟ ಹೊತ್ತಿನ ಕೆಲಸ ಏನಿದು?”

ಓಬಳೆಪ್ಪ ಶಿಕಂಜಾದ ಮಸಿಯನ್ನು ವಸ್ತ್ರದಿಂದ ಒರೆಸತೊಡಗಿದ.

ಸಂಜೆ ಇಬ್ಬರೂ ಕಾಸೀಮಬೀಯ ಮನೆಗೆ ಹೋದರು. ಬಾಗಿಲಿಗೆ ಗೋಣಿಯ ಪರದೆ ಇತ್ತು. ಓಬಳೆಪ್ಪ ಹೊರಗೆ ನೆಲದ ಮೇಲೆ ಕೂತು, ಪರದೆಗೆ ಮುಖ ಮಾಡಿ, ಬಿಡದೆ ಎಲ್ಲ ಹೇಳಿದ. ಒಳಗಿನಿಂದ ಬಳೆಯ ಸದ್ದೂ ಇಲ್ಲ. ಬಳೆ ಒಡೆದು ಮೂರು ದಿನವಾಗಿತ್ತು.

ಪರದೆಯ ಹಿಂದಿನಿಂದ ಅವಳು ಮಾತಾಡಿದಳು. “ಅಣ್ಣಾ, ಕೊಡಲಿಲ್ಲ ಅನ್ನೂದಕ್ಕ ನಾ ಏನೂ ಅನ್ನೂದಿಲ್ಲ. ನಿಮ್ಮ ಮಗಳ ಮ್ಯಾಲಿನ ಅಂಜಿಕಿ ಅದು, ಅವರಿಗೂ ಗೊತ್ತಿತ್ತು. ಆದ್ರ ಹೂಂ ಅಂದ್ರಲ್ಲ. ಹುಟ್ಟಿ ಬುದ್ಧಿ ಬಂದಾಗಿಂದ ಒಂದು ರೋಜಾ ಬಿಟ್ಟ ಮನಶ್ಯಾ ಅಲ್ಲ. ರೋಜಾ ಅವರನ್ನ ಕೊಂದತು ಅಂತ ಊರು ಅಂದ್ರ ನಾ ಹೆಂಗ ತಾಳ್ಲಿ?”

“ನಾ ಏನು ಮಾಡ್ಲೆವ್ವಾ?”

“ನನಗ ಹೇಳಿದ್ರ ಏನು ಬಂತು? ನಾ ಒಳಗ ಇರಾಕಿ. ನಾಳಿ ಶುಕ್ರವಾರ. ಮಸೂತಿ ಮುಂದ ಹೇಳ್ರಿ.”

ಸುದ್ದಿ ಹಮಾಲರ ಬಾಯಿಂದ ಆಗಲೇ ಹೊರಟಿತ್ತು. ಬೆಳಿಗ್ಗೆ ವಿರೂಪಾಕ್ಷಪ್ಪನವರು ಅದೇ ಕಾರಿನಲ್ಲಿ ಕುಲುಮೆಯ ಮುಂದೆ ಬಂದು ನಿಂತರು. ಇಳಿಯಲಿಲ್ಲ.

“ಓಬಳೆಪ್ಪ, ಏನೋ ಮಸೂತಿ ಮುಂದ ನಿಂತು ಹೇಳಾಂವ ಅದೀಯಂತ? ಪೂಜಾದಿಂದ ಮನಶ್ಯಾ ಸತ್ತ ಅಂತ ಸಾರತೀಯೇನು? ನಮ್ಮ ಮಂದಿ ನಿನ್ನ ಕುಲುಮಿಗೆ ಒಂದು ಬಂಡಿ ತರೂದಿಲ್ಲ ನೋಡು.”

“ಪೂಜಾಕ್ಕ ತಪ್ಪಿಲ್ರೀ ಧಣ್ಯಾರ. ಆತನ ರೋಜಾಕ್ಕೂ ತಪ್ಪಿಲ್ಲ. ಹಗ್ಗ ಕೊಟ್ಟಾಂವ ನಾನು.”

“ಹೋದಾಂವ ತಿರುಗಿ ಬರ್ತಾನೇನು? ಸುಮ್ಮನಿರು.”

“ಸುಮ್ಮನಿದ್ದು ನೋಡೀನ್ರಿ. ಮೂರು ದಿನ. ಇನ್ನೊಂದು ಹೆಣ ಬೀಳೂದಿತ್ತು.”

ಕಾರು ಹೋಯಿತು. ಮುಂಗಾಲು ಎರಡೂ ಸಮವಾಗಿದ್ದವು. ಪಕ್ಕೀರವ್ವ ಒಳಗಿನಿಂದ ಗಂಡನ ಒಗೆದ ಅಂಗಿ ತಂದು ಕೊಟ್ಟಳು.

ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಓಬಳೆಪ್ಪ ಮಸೀದಿಯ ಬಾಗಿಲ ಹೊರಗೆ ನಿಂತಿದ್ದ. ರಂಜಾನಿನ ಶುಕ್ರವಾರ, ಹಳ್ಳಿಗಳಿಂದಲೂ ಮಂದಿ ಬಂದಿದ್ದರು. ಮೆಟ್ಟಿಲ ಮೇಲೆ ಕೆರಗಳು ಒಂದರ ಮೇಲೊಂದು ಬಿದ್ದಿದ್ದವು. ಜನ ಹೊರಬಂದು ತಮ್ಮತಮ್ಮವನ್ನು ಹುಡುಕತೊಡಗಿದರು. ರಸ್ತೆಯ ಆಚೆ, ಗಿರಣಿಯ ಕಟ್ಟೆಯ ಮೇಲೆ, ಅವನ ಕಡೆಯವರೂ ಹತ್ತಾರು ಮಂದಿ ಕೂತು ಇತ್ತಲೇ ನೋಡುತ್ತಿದ್ದರು.

“ಮರ್ದಾನಸಾಬನ ಕೈ ನಡುಗಿದ್ದಿಲ್ರಿ” ಎಂದ ಓಬಳೆಪ್ಪ.

ಹತ್ತಿರದ ಒಬ್ಬಿಬ್ಬರು ತಲೆಯೆತ್ತಿದರು. ಕೆರ ಮೆಟ್ಟಿದವನು ಮೆಟ್ಟಿದಂತೆ ನಿಂತ. ಬಾಗಿಲೊಳಗಿನಿಂದ ನೂಕಿಕೊಂಡು ಬರುತ್ತಿದ್ದ ಮುದುಕನೊಬ್ಬ ಕಿವಿಗೆ ಕೈ ಹಚ್ಚಿದ.

“ಏನಂತಾನ? ಜೋರಾಗಿ ಹೇಳೋ, ಹಿಂದಿನವರಿಗೆ ಕೇಳವಲ್ದು.”

ಓಬಳೆಪ್ಪ ಒಂದು ಮೆಟ್ಟಿಲು ಮೇಲೇರಿ, ರಸ್ತೆಯ ಆಚೆಯವರಿಗೂ ಕೇಳುವಂತೆ, ಮೊದಲಿನಿಂದ ಹೇಳತೊಡಗಿದ.